ಶುಕ್ರವಾರ ಚೆಲ್ಲಿದ ನೀರು

“ಒಂದ ತಂಬಿಗಿ ಆದ್ರೂ ಕೊಡ್ರಿ ಅಕ್ಕಾರ. ರಾಜಪ್ಪಜ್ಜಗ ಜಳಕಾ ಮಾಡಸಬೇಕು,” ಎನ್ನುತ್ತ ನಂದಾ ಸೊಂಟದ ಕೊಡವನ್ನು ಹೊಸ್ತಿಲ ಬಳಿ ಇಳಿಸಿದಳು. ಒಳಗಿನ ಹೆಂಗಸು ಕೊಡದೊಳಗೆ ಇಣುಕಿದಳು. ತಳದಲ್ಲಿ ನಾಲ್ಕು ಬೆರಳು ನೀರಿತ್ತು. ಆಮೇಲೆ ನಂದಾಳ ಆಶಾ ಕಾರ್ಯಕರ್ತೆಯ ಗುಲಾಬಿ ಸೀರೆಯನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು. ಶುಕ್ರವಾರ ಇದೇ ಸೀರೆ ಉಟ್ಟು, ಇದೇ ಹೊಸ್ತಿಲಲ್ಲಿ ನಿಂತು, ಬ್ಯಾರಲ್ಲು ಬೋರಲು ಹಾಕುವ ತನಕ ಕದಲದಿದ್ದವಳು ಇವಳೇ.

“ಚಲ್ಲ ಅಂದಾಕಿನೂ ನೀನ, ಈಗ ಕೊಡ ಅನ್ನಾಕಿನೂ ನೀನ. ಕೂಸಿಗೆ ಹಾಲಿನ ಪುಡಿ ಕಲಸಾಕ ಇಟ್ಟ ನೀರ ಐತವಾ ಇದು.” ಹಾಗಂದರೂ ಒಳಗೆ ಹೋಗಿ ಅರ್ಧ ತಂಬಿಗೆ ತಂದಳು. ಸತ್ತವರ ಹೆಸರಿಗೆ ಇಲ್ಲವೆನ್ನಬಾರದಲ್ಲ. ಸುರಿದ ಮೇಲೆ ತಂಬಿಗೆಯನ್ನು ಬೋರಲು ಹಿಡಿದು, ಕೊನೆಯ ಹನಿ ಬೀಳುವ ತನಕ ಅಲುಗಾಡಿಸಿ ತೋರಿಸಿದಳು. “ಮಾತು ಮನಿ ಕೆಡಸ್ತು ಅಂತಾರಲ್ಲ. ನಿನ್ನ ಮಾತು ಇಡೀ ಓಣಿ ಕೆಡಸ್ತು ನೋಡ.”

ನಂದಾ ಕೊಡವನ್ನು ಮತ್ತೆ ಸೊಂಟಕ್ಕೇರಿಸಿದಳು. ಇದಕ್ಕೂ ಮುಂಚಿನ ಮನೆಯಲ್ಲಿ ಬಾಗಿಲೇ ತೆರೆದಿರಲಿಲ್ಲ. ಕಿಟಕಿಯ ಪರದೆ ಸರಿದು ಮತ್ತೆ ಮುಚ್ಚಿಕೊಂಡಿತ್ತು. ಅದಕ್ಕಿಂತ ಈ ಬೈಗುಳವೇ ಮೇಲು, ಜೊತೆಗೆ ಅರ್ಧ ತಂಬಿಗೆಯಾದರೂ ಸಿಕ್ಕಿತು.

ಹುಕ್ಕೇರಿಯಲ್ಲಿ ಯುಗಾದಿ ಮುಂದಿಟ್ಟುಕೊಂಡು ಸ್ವಚ್ಛತೆಯ ವಾರ ನಡೆದಿತ್ತು. ಗಟಾರು ಬಳಿದರು, ತಿಪ್ಪೆ ಎತ್ತಿದರು, ಹಳೇ ಟಯರು, ಒಡೆದ ಗಡಿಗೆ, ಮುರಿದ ಕುರ್ಚಿಗಳನ್ನೆಲ್ಲ ಕಸದ ಗಾಡಿಗೆ ತುಂಬಿದರು. ಬೇಸಿಗೆಯ ಎಚ್ಚರಿಕೆಗಳನ್ನು ಗಾಡಿಯ ಸ್ಪೀಕರಿನಲ್ಲಿ ಕೂಗಿಸಬೇಕೆಂದಾಗ, ಆಶಾ ಕಾರ್ಯಕರ್ತೆಯರಲ್ಲಿ ಕಂಠ ಚೆನ್ನಾಗಿರುವವಳು ನಂದಾ ಎಂದು ಅವಳ ಧ್ವನಿಯನ್ನೇ ರೆಕಾರ್ಡ್ ಮಾಡಿಕೊಂಡರು. ಉರಿಬಿಸಿಲಲ್ಲಿ ತಿರುಗಬೇಡಿರಿ, ಒಣ ಕಸಕ್ಕೆ ಬೆಂಕಿ ಹಚ್ಚಬೇಡಿರಿ, ಶುಕ್ರವಾರ ಒಣ ದಿನ, ನಿಂತ ನೀರು ಚೆಲ್ಲಿರಿ. ತನ್ನ ಧ್ವನಿ ತಾನೇ ಕೇಳಿ ಅವಳು ಒಳಗೊಳಗೇ ಹಿಗ್ಗಿದ್ದೂ ಹೌದು.

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ವಾರಕ್ಕೊಮ್ಮೆ ಬರುವ ನಳ ಶನಿವಾರ ಬರುವುದಿತ್ತು. ಹಿಂದಿನ ದಿನ ಹಳೇ ನೀರು ಚೆಲ್ಲಿ, ಬ್ಯಾರಲ್ಲು ತಿಕ್ಕಿ ಒಣಗಿಸಿದರೆ ಸೊಳ್ಳೆಯ ಹುಳ ಸಾಯುತ್ತವೆ. ಆದರೆ ಶುಕ್ರವಾರ ಸಂಜೆ ಹನಿಯಿಲ್ಲದ ಬಿರುಗಾಳಿ ಎದ್ದು ಹಿಡಕಲ್ ಅಣೆಕಟ್ಟಿನ ಕಡೆಯ ಪಂಪಿನ ಕರೆಂಟು ಲೈನಿನ ಕಂಬಗಳನ್ನು ಸಾಲಾಗಿ ಮಲಗಿಸಿತು. ಶನಿವಾರ ನಳ ಬರಲಿಲ್ಲ, ರವಿವಾರವೂ ಬರಲಿಲ್ಲ. ಓಣಿಯ ಬೋರು ಹೋದ ವರ್ಷವೇ ಬತ್ತಿತ್ತು. ಅಂಗಡಿಯ ಬಾಟಲಿ ನೀರು ಮುಗಿದಿತ್ತು. ಬಂದ ಒಂದೇ ಒಂದು ಟ್ಯಾಂಕರಿನ ಮುಂದೆ ಜಡೆ ಜಗಳ ನಡೆದು ಅರ್ಧ ನೀರು ಮಣ್ಣಿನ ಪಾಲಾಯಿತು. ಸೋಮವಾರ ಬೆಳಿಗ್ಗೆ ರಾಜಪ್ಪಜ್ಜ ತೀರಿಕೊಂಡ.

ಅಜ್ಜ ಹೋಗುತ್ತಾನೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಹೋದ ಮಳೆಗಾಲದಲ್ಲಿ ಮೊಮ್ಮಗ ಓಂಕಾರ ಡೆಂಗಿ ಜ್ವರಕ್ಕೆ ತುತ್ತಾದಾಗಿನಿಂದ ಅವನು ಹಾಸಿಗೆ ಹಿಡಿದಿದ್ದ. ಹುಡುಗ ಹೋದ ಮೇಲೆ ನಂದಾ ಅವರ ಅಂಗಳದ ಬ್ಯಾರಲ್ಲಿನೊಳಗೆ ಟಾರ್ಚು ಬಿಟ್ಟು, ನೀರಿನಲ್ಲಿ ಕುಣಿಯುತ್ತಿದ್ದ ಹುಳಗಳನ್ನು ಅಜ್ಜನ ಹೆಂಡತಿ ಸತ್ತೆವ್ವನಿಗೆ ತೋರಿಸಿದ್ದಳು. ಮುದುಕಿ ಬ್ಯಾರಲ್ಲಿನ ಅಂಚು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು. ಅಂದಿನಿಂದ ಓಣಿಯಲ್ಲಿ ಯಾರು ಎಷ್ಟೇ ಗೊಣಗಲಿ, ಸತ್ತೆವ್ವ ಮಾತ್ರ ನಂದಾ ಬರುವ ಮೊದಲೇ ನೀರು ಚೆಲ್ಲಿರುತ್ತಿದ್ದಳು. ನಂದಾ ಹೇಳಿದ ಮೇಲೆ ಮುಗಿಯಿತು, ಅವಳಿಗೆ ಅದು ದೇವರ ಮಾತು.

ಈ ಶುಕ್ರವಾರ ಮಾತ್ರ ಅವಳು ಬಚ್ಚಲ ಹಂಡೆಗೆ ಅಡ್ಡ ನಿಂತಿದ್ದಳು. “ಇದೊಂದ ಇರಲಿ ಬಿಡ ನನ್ನವ್ವಾ. ನಿಮ್ಮಜ್ಜಾ ಇವತ್ತೋ ನಾಳೆಯೋ ಅನ್ನೂಹಂಗ ಅದಾನ. ಮನ್ಯಾಗ ನೀರ ಬೇಕಾಗ್ತೈತಿ.”

“ನಾಳೆ ನಳಾ ಬರತೈತಿ ಆಯಿ. ಹೊಸಾ ನೀರ ತುಂಬಕೋ ಅಂತ,” ಎಂದು ನಂದಾ ತನ್ನ ಕೈಯಾರೆ ಹಂಡೆ ಬಾಗಿಸಿದ್ದಳು. ಅಂಗಳ ದಾಟಿ ಗಟಾರು ಸೇರಿದ ಆ ನೀರು ಈಗಲೂ ಅವಳ ಕಣ್ಣ ಮುಂದೆ ಹರಿಯುತ್ತಿತ್ತು. ಒಂದು ಬಟ್ಟೆ ಕಟ್ಟಿ ಮುಚ್ಚಿಡು ಅಂದಿದ್ದರೂ ನಡೆಯುತ್ತಿತ್ತು. ಅದೂ ಅವಳಿಗೆ ಗೊತ್ತಿತ್ತು.

ಕೊಡ ಹೊತ್ತು ಅವಳು ರಾಜಪ್ಪಜ್ಜನ ಮನೆಗೆ ಬಂದಾಗ ಬಿಸಿಲು ಗೋಡೆಯಿಂದ ಇಳಿಯತೊಡಗಿತ್ತು. ಅಂಗಳದಲ್ಲಿ ಮೂರು ಕಲ್ಲು ಹೂಡಿ, ಕಟ್ಟಿಗೆ ಒಟ್ಟಿ, ಹಂಡೆ ಏರಿಸಿಟ್ಟಿದ್ದರು. ಪಡಸಾಲೆಯಲ್ಲಿ ಅಜ್ಜನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಮೂಡಲಗಿಯಿಂದ ಬಂದ ಮಗಳು ಅತ್ತು ಅತ್ತು ದಣಿದು ಅಪ್ಪನ ಪಾದದ ಬಳಿ ಒರಗಿದ್ದಳು. ಇಷ್ಟು ಮನೆ ತಿರುಗಿ ತಂದ ನೀರನ್ನು ನಂದಾ ಹಂಡೆಗೆ ಸುರಿದಳು. ತಳ ಮುಚ್ಚಿತು, ಅಷ್ಟೇ.

“ಟ್ಯಾಂಕರ್ ಸಂಜಿಗೆ ಅಂತಾರ. ಅವರ ಸಂಜಿ ಅಂದ್ರ ನಾಳೆ,” ಎಂದ ಓಣಿಯ ಹಿರಿಯ ಲಗಮಪ್ಪ. “ಹೊತ್ತ ಮುಣಗೂದ್ರಾಗ ಮಣ್ಣಾಗಬೇಕು. ಇಷ್ಟರಾಗ ಅರಬಿ ಒದ್ದಿ ಮಾಡಿ, ಮೈ ಒರಸಿ ಎತ್ತೂಣು. ದೇವ್ರೇನ ಬ್ಯಾಡ ಅನ್ನಾಂಗಿಲ್ಲ.”

ಸತ್ತೆವ್ವ ತಲೆ ಎತ್ತಿದಳು. “ಒರಸಬ್ಯಾಡ್ರಿ. ಹಾಸಗಿ ಹಿಡದ ಮ್ಯಾಲೂ ಜಳಕಾ ತಪ್ಪಸಿದಾಂವ ಅಲ್ಲ ಅಂವಾ. ಇವತ್ತೊಂದ ದಿನಾ ಒಣಾ ಮೈಲೆ ಕಳಸಬ್ಯಾಡ್ರಿ. ನಿಮ್ಮ ಕಾಲ ಬೀಳತೇನಿ.”

ಅವಳ ಮಗ, ಓಂಕಾರನ ಅಪ್ಪ ಮುತ್ತಪ್ಪ ಎದ್ದು ನಂದಾಳ ಮುಂದೆ ಬಂದು ನಿಂತ. ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಹಗುರಾಗುತ್ತಿತ್ತು.

“ನನ್ನ ಮಗಾ ನೀರ ಇಟ್ಟದ್ದಕ್ಕ ಹ್ವಾದ. ನಮ್ಮಪ್ಪಗ ನೀರ ಚಲ್ಲಿದ್ದಕ್ಕ ಹಿಂಗಾತು. ಮುಂದ ಏನ ಮಾಡಬೇಕು ಹೇಳ ನಂದಾ. ನೀ ಹೇಳಿದಂಗ ಮಾಡತೇವಿ.”

ಅವಳು ಖಾಲಿ ಕೊಡ ಎತ್ತಿಕೊಂಡು ಹೊರಬಿದ್ದಳು. ಅಳುವುದಕ್ಕೂ ಪುರಸೊತ್ತಿರಲಿಲ್ಲ. ಟ್ಯಾಂಕರಿನವನಿಗೆ ಮತ್ತೆ ಫೋನು ಹಚ್ಚಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಓಣಿಯ ತಿರುವಿನಲ್ಲಿ ಕಸದ ಗಾಡಿ ಎದುರಾಯಿತು. ಸ್ಪೀಕರಿನಿಂದ ಅವಳದೇ ಧ್ವನಿ ಇಂಪಾಗಿ ಬರುತ್ತಿತ್ತು: “ತಾಯಂದಿರೇ, ನಿಂತ ನೀರು ಚೆಲ್ಲಿರಿ. ನಿಮ್ಮ ಮಕ್ಕಳನ್ನು ಉಳಿಸಿಕೊಳ್ಳಿರಿ.”

“ಮಾಯಪ್ಪಣ್ಣಾ, ಬಂದ್ ಮಾಡೋ ಅದನ್ನ!” ಅವಳು ಗಾಡಿಯ ಬಾಗಿಲಿಗೆ ಬಡಿದಳು.

“ಯುಗಾದಿತನಕಾ ಹಚ್ಚ ಅಂತ ಹೇಳ್ಯಾರ ತಂಗಿ,” ಎಂದ ಡ್ರೈವರ್ ಮಾಯಪ್ಪ. ಅವಳ ಮುಖ ನೋಡಿ ಬಂದ್ ಮಾಡಿದ. ಮುಂದಿನ ಓಣಿಗೆ ಹೊರಳುತ್ತಲೇ ಮತ್ತೆ ಶುರುವಾಯಿತು. ಪಾಪ, ಹೊಟ್ಟೆಪಾಡು ಅವನಿಗೂ ಇದೆ.

ಉಳಿದದ್ದು ಶಿವವ್ವನ ಮನೆ ಒಂದೇ. ನಂದಾ ಬೇಕೆಂದೇ ಅದನ್ನು ಕೊನೆಗೆ ಬಿಟ್ಟಿದ್ದಳು. ಓಂಕಾರ ಹೋದ ಮೇಲೆ ಒಂದು ದಿನ, ಮಾತು ಕೇಳದ ಶಿವವ್ವನ ಬ್ಯಾರಲ್ಲನ್ನು ನಾಲ್ಕು ಮಂದಿಯ ಮುಂದೆ ಕಾಲಿನಿಂದ ಒದ್ದು ಉರುಳಿಸಿದ್ದಳು. ಅಂದಿನಿಂದ ಇಬ್ಬರ ನಡುವೆ ಮಾತು ಬಂದ್. ಈ ಶುಕ್ರವಾರ ಶಿವವ್ವ ಒಣಗಿದ ಬ್ಯಾರಲ್ಲುಗಳ ಕಡೆ ಬೆರಳು ತೋರಿಸಿ, ಮುಖ ತಿರುವಿಕೊಂಡು ಒಳಗೆ ಹೋಗಿದ್ದಳು.

ಈಗ ಅವಳು ಬಾಗಿಲಲ್ಲೇ ಕೂತಿದ್ದಳು. ಕೊಡ ಕಂಡವಳೇ, “ನಮ್ಮನ್ಯಾಗ ಎಲ್ಲೀ ನೀರ? ನೀನ ನೋಡಿ ಹೋಗೀಯಲ್ಲ,” ಎಂದಳು.

ತಿರುಗಿ ಹೊರಟ ನಂದಾ ದನದ ಕೊಟ್ಟಿಗೆಯ ಮುಂದೆ ತಡೆದು ನಿಂತಳು. ಊರ ದನಗಳೆಲ್ಲ ನಾಲಿಗೆ ಚಾಚಿ ಒದರುತ್ತಿದ್ದ ಹೊತ್ತಿನಲ್ಲಿ ಶಿವವ್ವನ ಎಮ್ಮೆ ನಿಶ್ಚಿಂತೆಯಿಂದ ಮಲಗಿ ಮೆಲುಕು ಹಾಕುತ್ತಿತ್ತು. ಅದರ ಮುಂದಿನ ಕಲ್ಲುಬಾನಿಯ ಸುತ್ತ ಮಣ್ಣು ಹಸಿಯಾಗಿತ್ತು.

“ಕಾಕೂ, ನಿಮ್ಮ ಎಮ್ಮಿ ನೀರ ಕುಡದೈತಿ.”

ಶಿವವ್ವನ ಮುಖ ಕಪ್ಪಿಟ್ಟಿತು. “ಚಲ್ಲಾಕ ಬಂದೀಯೇನು? ಚಲ್ಲ. ಎಮ್ಮೀನೂ ಸಾಯಲಿ, ನಾನೂ ಸಾಯತೇನಿ.”

“ಬೇಡಾಕ ಬಂದೇನಿ ಕಾಕೂ.” ನಂದಾ ಕೊಡ ಬಿಟ್ಟು ಅವಳ ಕಾಲು ಹಿಡಿದಳು. “ನನ್ನ ಮ್ಯಾಲಿನ ಸಿಟ್ಟ ನನ್ನ ಮ್ಯಾಲೆ ಇರಲಿ. ಮಂದ್ಯಾಗ ನಿಂದ್ರಿಸಿ ಬಯ್ರಿ, ಬೇಕಾದ್ರ ಹೊಡೀರಿ. ಅಜ್ಜಗ ಎರಡ ಕೊಡ ನೀರ ಕೊಡ್ರಿ. ಆ ಹಂಡೆ ಚಲ್ಲಿದಾಕಿ ನಾನ. ಆಯಿ ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲ ನಾ.”

ಶಿವವ್ವ ಕಾಲು ಎಳೆದುಕೊಂಡಳು. ಎದ್ದು ಕೊಟ್ಟಿಗೆಗೆ ಹೋಗಿ, ಮೇವಿಗೆ ಒಟ್ಟಿದ್ದ ಜೋಳದ ಕಣಿಕೆಯ ಸೂಡುಗಳನ್ನು ಒಂದೊಂದಾಗಿ ಎತ್ತಿಟ್ಟಳು. ಹಿಂದೆ ಒಂದು ನೀಲಿ ಬ್ಯಾರಲ್ಲು, ಮೇಲೆ ಹರಕು ಗೋಣಿಚೀಲ, ಅದರಡಿ ಅರ್ಧಕ್ಕಿಂತ ಹೆಚ್ಚು ನೀರು. ನಂದಾ ರೂಢಿಯಂತೆ ಮೊಬೈಲಿನ ಟಾರ್ಚು ಹಚ್ಚಿ ಬಗ್ಗಿದಳು. ಬೆಳಕು ಬಿದ್ದದ್ದೇ ಹುಳಗಳು ಬಳುಕುತ್ತ ತಳಕ್ಕೆ ಇಳಿದವು.

“ಅದಾವೇನು?” ಶಿವವ್ವನ ಧ್ವನಿ ಸಣ್ಣಗಾಗಿತ್ತು.

“ಅದಾವು.”

“ಓಂಕಾರ ದಿನಾ ಬರತಿದ್ದ ಇಲ್ಲಿ. ಎಮ್ಮಿ ಕರಾ ನೋಡಾಕ.” ಯಾರೂ ಅವಳನ್ನು ಕೇಳಿರಲಿಲ್ಲ. ಅವಳು ಎಮ್ಮೆಯ ಕಡೆ ನೋಡುತ್ತ ಹೇಳುತ್ತಿದ್ದಳು. “ಆವಾಗೂ ಒಂದ ಬ್ಯಾರಲ್ ಇಲ್ಲೇ ಮುಚ್ಚಿಟ್ಟಿದ್ನಿ.”

ಹೌದೆಂದರೂ ಕೆಟ್ಟದ್ದು, ಅಲ್ಲವೆಂದರೂ ಸುಳ್ಳಾದೀತು. ನಂದಾ ಸೀರೆಯ ಸೆರಗನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಬಿಗಿಯಾಗಿ ಹಿಡಿದು, “ಸುರೀರಿ,” ಎಂದಳು. ಶಿವವ್ವ ತಂಬಿಗೆಯಿಂದ ಮೊಗೆದು ಮೊಗೆದು ಸುರಿದಳು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಒಂದು ಕೊಡವನ್ನು ನಂದಾ ಎತ್ತಿಕೊಂಡಳು. ತನ್ನ ಮನೆಯ ಇನ್ನೊಂದು ಕೊಡವನ್ನು ಶಿವವ್ವ ಸಿಂಬಿ ಇಟ್ಟು ತಾನೇ ತಲೆಯ ಮೇಲೇರಿಸಿಕೊಂಡಳು.

ಇಬ್ಬರೂ ಒಟ್ಟಿಗೆ ಬಂದದ್ದು ನೋಡಿ ಅಂಗಳದ ಮಂದಿ ಸರಿದು ದಾರಿ ಬಿಟ್ಟರು. ನೀರು ಹಂಡೆಗೆ ಬಿತ್ತು, ಕಟ್ಟಿಗೆಗೆ ಬೆಂಕಿ ಹತ್ತಿತು. ಸತ್ತೆವ್ವ ಗೋಡೆ ಹಿಡಿದು ಎದ್ದು ಬಂದಳು. ಶಿವವ್ವನನ್ನು ನೋಡಿದಳು, ನಂದಾಳನ್ನು ನೋಡಿದಳು. ನಂದಾಳ ಒದ್ದೆ ಸೆರಗು ಮುಷ್ಟಿಯಲ್ಲಿ ಮುದುಡಿತ್ತು. ಮುದುಕಿ ಆ ಮುಷ್ಟಿ ಬಿಡಿಸಿ, ಬಟ್ಟೆಗೆ ಅಂಟಿದ್ದ ಹುಳಗಳನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಅವು ಏನೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

ಶಿವವ್ವ ಬಗ್ಗಿ ಹಂಡೆಯ ಕೆಳಗೆ ಇನ್ನೊಂದು ಕಟ್ಟಿಗೆ ತಳ್ಳಿದಳು.

“ಸೋಸಿದಿ ಇಲ್ಲೋ?” ಎಂದಳು ಸತ್ತೆವ್ವ.

“ಸೋಸೇನಿ ಆಯಿ.”

“ಕಾಯಲಿ ಹಂಗಾರ. ಚಲೋತಂಗ ಕಾಯಲಿ.”

ಕಾದ ನೀರು ಆರಿದ ಮೇಲೆ ಅಜ್ಜನನ್ನು ಜಳಕದ ಕಲ್ಲಿನ ಮೇಲೆ ಕೂಡಿಸಿದರು. ಮುತ್ತಪ್ಪ ಹಿಂದಿನಿಂದ ತೋಳು ಹಿಡಿದ. ಮೊದಲ ತಂಬಿಗೆ ಎರೆಯುವ ಮುಂಚೆ ಸತ್ತೆವ್ವ ನೀರನ್ನು ತನ್ನ ಮುಂಗೈ ಮೇಲೆ ಹನಿಸಿಕೊಂಡು, ಸುಡುತ್ತದೆಯೋ ಏನೋ ಎಂದು ನೋಡಿದಳು. ಅದನ್ನು ಕಂಡು ಮಗಳು ಮತ್ತೆ ಬಿಕ್ಕತೊಡಗಿದಳು. ನೆತ್ತಿಯಿಂದ ಪಾದದ ತನಕ ನೀರು ಸಾಕಾಯಿತು. ಹೊಸ ಧೋತರ ಉಡಿಸಿದರು, ವಿಭೂತಿ ಬಳಿದರು. ಹೊತ್ತು ಇನ್ನೂ ಮುಳುಗಿರಲಿಲ್ಲ. ದೂರದ ಓಣಿಯಿಂದ ನಂದಾಳ ಧ್ವನಿ ತೇಲಿ ಬರುತ್ತಿತ್ತು: ತಾಯಂದಿರೇ, ನಿಂತ ನೀರು ಚೆಲ್ಲಿರಿ. ನಂದಾ ಗೋಡೆಗೆ ಮುಖ ಮಾಡಿ ಎರಡೂ ಕಿವಿ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಹೆಣ ಎತ್ತಿದರು. ಗಂಡಸರು ಹೊರಟರು. ಹೆಂಗಸರ ಅಳು ಬಾಗಿಲ ತನಕ ಹೋಗಿ ನಿಂತಿತು. ಆ ಗುಂಪಿನಲ್ಲಿ ಸತ್ತೆವ್ವ ಕಾಣದೆ ನಂದಾ ತಿರುಗಿ ನೋಡಿದಳು.

ಮುದುಕಿ ಅಂಗಳದ ಮೂಲೆಯಲ್ಲಿ, ಜಳಕದ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಸವೆದ ಕಲ್ಲಿನ ತಗ್ಗಿನಲ್ಲಿ, ಗಂಡನ ಮೈಮೇಲಿಂದ ಇಳಿದ ನೀರು ಒಂದಿಷ್ಟು ನಿಂತಿತ್ತು. ಅದನ್ನು ಅವಳು ಅಂಗೈಯಿಂದ ಬಳಿದು ಬಳಿದು ಒಣ ಮಣ್ಣಿಗೆ ಚೆಲ್ಲುತ್ತಿದ್ದಳು.