ಬೀರುವಿಗೆ ಗುರುತಾದ ಕೋಣೆ

ರಂಜಾನ್ ತಿಂಗಳ ಬೆಳಗಿನಲ್ಲಿ ಅಳತೆಗೆ ಹೊರಡುವವರಿಗೆ ಬುದ್ಧಿ ನೆಟ್ಟಗಿರುವುದಿಲ್ಲ. ಓಲ್ಫಾ ಹೊರಟಿದ್ದಳು. ಸ್ಫಾಕ್ಸ್ ಊರಿನ ವಿಶ್ವವಿದ್ಯಾಲಯದಲ್ಲಿ, ಇತಿಹಾಸ ವಿಭಾಗದ ಕಟ್ಟಡಕ್ಕೆ ಹೊಸ ನೆಟ್‌ವರ್ಕ್ ಹಾಕುವ ಯೋಜನೆ ಅವಳ ಹೆಗಲಿಗೆ ಬಿದ್ದಿತ್ತು. ಬೆಳಿಗ್ಗೆ ಬೆಳಿಗ್ಗೆಯೇ ಬಂದು, ಯಾವ ಕೋಣೆಯಲ್ಲಿ ಕಂಪ್ಯೂಟರ್ ಬಳಕೆ ಎಷ್ಟಿದೆ ಎಂದು ನೋಡಿ ನಕ್ಷೆಯ ಮೇಲೆ ಗುರುತು ಹಾಕಿದಳು. ಉಪವಾಸದ ತಿಂಗಳಲ್ಲಿ ಊರು ರಾತ್ರಿಯೆಲ್ಲ ಎದ್ದಿದ್ದು ಬೆಳಿಗ್ಗೆ ಮಲಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮನೆಯಲ್ಲಿ ಏಳು ಎನ್ನುವವರೂ ಮಲಗು ಎನ್ನುವವರೂ ಇಲ್ಲದವಳಿಗೆ ಎಲ್ಲ ಹೊತ್ತೂ ಒಂದೇ ಆಗಿಬಿಟ್ಟಿತ್ತು.

ಎರಡನೆಯ ಮಹಡಿಯ ನಡುವಿನ ಕೋಣೆಗೆ ಯಾವಾಗ ನೋಡಿದರೂ ಬೀಗ. ಅಲ್ಲಿಂದ ಯಾವ ಕಡೆಗೆ ಕೇಬಲ್ ಎಳೆದರೂ ಸಲೀಸಾಗಿ ಮುಟ್ಟುತ್ತದೆ. ಕೇಬಲ್‌ಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್‌ಗಳ ಬೀರು ಇಡಲು ಹೇಳಿ ಮಾಡಿಸಿದ ಜಾಗವೆಂದು ಗುರುತು ಹಾಕಿದಳು. ಮರುದಿನ ನಕ್ಷೆ ಡೀನರ ಸಹಿಗೆ ಹೋಗಬೇಕಿತ್ತು. ಬೀರು ಒಳಗೆ ಹೋಗುತ್ತದೋ ಇಲ್ಲವೋ ಎಂದು ಬಾಗಿಲಿನ ಅಗಲ ಅಳೆಯಲು ಸಂಜೆ ಮತ್ತೆ ಬಂದರೆ, ಬಾಗಿಲು ತೆರೆದಿತ್ತು.

ಒಳಗೆ ಮುದಿ ಪ್ರಾಧ್ಯಾಪಕ ಸೀ ಲಮೀನ್ ಮೇಜಿನ ಮೇಲೆ ಪತ್ರಿಕೆ ಹಾಸಿ ಖರ್ಜೂರ, ಮಜ್ಜಿಗೆ, ಒಂದು ಫ್ಲಾಸ್ಕ್ ಸೂಪು, ಒಂದೇ ಒಂದು ಬಟ್ಟಲು ಜೋಡಿಸುತ್ತಿದ್ದರು. ಅವರು ಬರುತ್ತಿದ್ದುದೇ ಮಧ್ಯಾಹ್ನ ಎಲ್ಲರೂ ಹೊರಟ ಮೇಲೆ.

ವಿಷಯ ಹೇಳಲೇಬೇಕಾಯಿತು. ಈ ಕೋಣೆ ಹೋದರೆ ಅವರಿಗೆ ಕೆಳಗಿನ ಹಾಲ್‌ನಲ್ಲಿ ಒಂದು ಮೇಜು ಸಿಗುತ್ತದೆ. ಆ ಹಾಲ್‌ಗೆ ಮಧ್ಯಾಹ್ನವೇ ಬೀಗ ಬೀಳುತ್ತದೆ. ಅವರು ಜಗಳವಾಡಲಿಲ್ಲ, ಆಗಲಿ ಎಂದರು. ಜಗಳವಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಮನೆಯಲ್ಲೇ ಯಾಕೆ ಉಣ್ಣುವುದಿಲ್ಲ ಎಂದು ಕೇಳಿದಳು.

"ಹೆಂಡ್ತಿ ಹೋದ್ಮೇಲೆ ಅಲ್ಲಿ ಕೂತ್ರೆ ತುತ್ತು ಗಂಟ್ಲಲ್ಲಿ ಇಳಿಯಲ್ಲಮ್ಮ. ಇಲ್ಲಾದ್ರೆ, ಎಲ್ಲಾ ಮನೆಗೆ ಹೋಗಿದ್ದಾರೆ, ನಾಳೆ ಬರ್ತಾರೆ ಅನ್ಕೋಬಹುದು. ಅಲ್ಲಿ ಯಾರು ಬರ್ತಾರೆ ಹೇಳು?"

ಓಲ್ಫಾ ಮಡಿಸಿದ್ದ ನಕ್ಷೆ ಬಿಚ್ಚಿದಳು. ಮೆಟ್ಟಿಲ ಪಕ್ಕದ ಜೆರಾಕ್ಸ್ ಕೋಣೆಗೆ ಬೀರು ಸರಿಸಿದರೆ ಕೊನೆಯ ಕೋಣೆಗಳಿಗೆ ಕೇಬಲ್ ಮುಟ್ಟುವುದಿಲ್ಲ; ಅಲ್ಲಿಗೆ ಇನ್ನೊಂದು ಚಿಕ್ಕ ಬೀರು ಬೇಕು, ಇಡೀ ನಕ್ಷೆ ಹೊಸದಾಗಿ ಬರೆಯಬೇಕು. ಡೀನರು ಉರಿದು ಬೀಳುತ್ತಾರೆ. ಬೀಳಲಿ ಎಂದುಕೊಂಡು ಹಳೆಯ ಗುರುತಿನ ಮೇಲೆ ಗೀಟು ಹಾಕಿದಳು.

"ಈ ಕೋಣೇಲಿ ಜನ ಇದ್ದಾರೆ ಅಂತ ಬರೀತೀನಿ, ಸೀ ಲಮೀನ್. ನಿಮ್ಮನ್ನ ಇಲ್ಲಿಂದ ಯಾರೂ ಎಬ್ಬಿಸಲ್ಲ."

ಮುದುಕರು ಫ್ಲಾಸ್ಕಿನ ಮುಚ್ಚಳಕ್ಕೆ ಸೂಪು ಬಗ್ಗಿಸಿ ಅವಳ ಕಡೆ ಸರಿಸಿದರು. ತನಗೆ ತಡವಾಯಿತು, ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದಾರೆ ಎಂದು ಓಲ್ಫಾ ಬಾಗಿಲ ಕಡೆ ತಿರುಗಿದಳು.

"ಕಾಯೋರು ಇದ್ದಿದ್ರೆ ಈ ಹೊತ್ತಲ್ಲಿ ಬಾಗಿಲು ಅಳೀತಾ ನಿಂತಿರ್ತಿದ್ಯಾ, ಮಗಳೇ?" ಎಂದರು ಅವರು, ತಲೆ ಎತ್ತದೆ.

ಹೊರಗೆ ಉಪವಾಸ ಬಿಡುವ ಹೊತ್ತಿನ ಆಜಾನ್ ಕೇಳಿಸಿತು. ಗಂಡ ಬಿಟ್ಟು ಹೋದಂದಿನಿಂದ ನೆಂಟರಿಷ್ಟರೆಲ್ಲ ಸುತ್ತಿ ಬಳಸಿ ಮಾತಾಡಿದ್ದರೇ ಹೊರತು, ನೀನು ಒಂಟಿ ಎಂದು ನೇರವಾಗಿ ಯಾರೂ ಹೇಳಿರಲಿಲ್ಲ. ಅವಳಿಗೆ ಅಳು ಬಂತು. ಖರ್ಜೂರ ಕೈಗೆ ತೆಗೆದುಕೊಂಡು ಕುಳಿತಳು.