ಎಳೆಗೊಂದು ಲಾರಿ

ನಾನು ಒಂದು ಕಂಬ. ದೀಪ ಹೊತ್ತವನಲ್ಲ, ಧ್ವಜ ಹಾರಿಸಿದವನೂ ಅಲ್ಲ. ನೆಲದ ಮೇಲೆ ನಾಲ್ಕು ಅಡಿ, ನೆಲದೊಳಗೆ ಒಂದೂವರೆ ಅಡಿ ಇರುವ ಸಾಧಾರಣ ಜಾಲಿ ಮರದ ಕಂಬ. ಆದರೂ ನಗರಸಭೆಯ ದೊಡ್ಡ ಮೇಜಿನ ಮೇಲೆ ನನ್ನನ್ನು ಮಲಗಿಸಿ, ಊರಿನ ಆಡಳಿತವೆಲ್ಲ ಕುರ್ಚಿ ಬಿಟ್ಟೆದ್ದು ನನ್ನ ಮೈಮೇಲಿನ ಗಾಯವನ್ನು ಬಗ್ಗಿ ನೋಡಿದ ದಿನವೊಂದಿದೆ. ಆ ಹೆಮ್ಮೆ ಇಲ್ಲದಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ.

ನನ್ನನ್ನು ಹುಟ್ಟಿಸಿದವನು ಬಡಗಿ ಮೌನೇಶಪ್ಪ. ಒಂದೇ ದಿಮ್ಮಿಯಿಂದ ಅವನು ಎರಡು ಕಂಬಗಳನ್ನು ಕಡೆದ. ನಾನು ಮತ್ತು ನನ್ನ ಒಡಹುಟ್ಟು. ಉಳಿಯ ಕೆಲಸ ಮುಗಿದ ಮೇಲೂ ಅವನು ನಮ್ಮನ್ನು ಬಿಡಲಿಲ್ಲ. ಗಾಜಿನ ಚೂರು ಹಿಡಿದು ಎರಡು ದಿನ ಹೆರೆದ. ಕಂಬಕ್ಕೆ ಇಷ್ಟೇಕೆ ಉಪಚಾರ ಎಂದು ಯಾರೋ ನಕ್ಕಾಗ, ಮನುಷ್ಯನ ಬೆರಳಿಗೆ ಸಿಬಿರು ತಾಗಿದರೆ ಗಾಯ ಮಾಯುತ್ತದೆ, ನೂಲಿಗೆ ತಾಗಿದರೆ ಸೀರೆ ಕೆಡುತ್ತದೆ ಎಂದನಂತೆ.

ನಮ್ಮನ್ನು ಮಾಡಿಸಿದವನು ಕೈಮಗ್ಗದ ನೇಕಾರ ನೀಲಕಂಠಪ್ಪ. ನೇಕಾರರ ಓಣಿಯ ಹಿಂದೆ, ಕೃಷಿ ಮಾರುಕಟ್ಟೆಯ ಗೋಡೆಗೆ ತಾಗಿದಂತೆ ಒಂದು ಬಯಲಿತ್ತು. ಜನ ಅದನ್ನು ಹಾಸಿನ ಬಯಲು ಎನ್ನುತ್ತಿದ್ದರು. ಹಾಸು ಎಂದರೆ ಸೀರೆಯ ಉದ್ದಕ್ಕೂ ಓಡುವ ಎಳೆಗಳು. ಮಗ್ಗಕ್ಕೆ ಏರುವ ಮೊದಲು ಅವನ್ನು ಬಯಲಲ್ಲಿ ಎಳೆದು ಕಟ್ಟಿ, ಗಂಜಿ ಹಚ್ಚಿ, ಬಿಸಿಲಿಗೆ ಒಣಗಿಸಬೇಕು. ನಾನು ಒಂದು ತುದಿಯಲ್ಲಿ ನಿಂತೆ, ನನ್ನ ಒಡಹುಟ್ಟು ಇನ್ನೊಂದು ತುದಿಯಲ್ಲಿ. ನಮ್ಮ ನಡುವಿನ ಅಂತರ ಸರಿಯಾಗಿ ಮೂರು ಸೀರೆಯ ಉದ್ದ.

ಆ ಓಣಿಯಲ್ಲಿ ಒಂದು ಕಟ್ಟಳೆಯಿತ್ತು. ಎಳೆದು ಕಟ್ಟಿದ ಹಾಸನ್ನು ಯಾರೂ ದಾಟಬಾರದು. ನೀರಿನ ಕೊಡ ಹೊತ್ತವಳಿರಲಿ, ಹೆಣ ಹೊತ್ತವರಿರಲಿ, ಕಂಬದ ತನಕ ನಡೆದು ಸುತ್ತಿ ಬರಬೇಕು. ಓಣಿಯ ನಾಯಿಗಳೂ ಇದನ್ನು ಕಲಿತಿದ್ದವು.

ಬೆಳಗ್ಗೆ ನಾನು ಹಾಸಿನ ಕಂಬ. ಸಂಜೆ ಖೋಖೋ ಕಂಬ. ಇದನ್ನು ಯಾರೂ ಯೋಜಿಸಿರಲಿಲ್ಲ. ಮೂರು ಸೀರೆಯ ಉದ್ದವೂ ಖೋಖೋ ಅಂಗಣದ ಉದ್ದವೂ ಹೆಚ್ಚುಕಡಿಮೆ ಒಂದೇ ಎಂಬುದನ್ನು ಓಣಿಯ ಹೆಣ್ಣುಮಕ್ಕಳು ತಾವೇ ಕಂಡುಕೊಂಡರು. ನೂಲಿಗಾಗಿ ನುಣುಪಾದ ನನ್ನ ಮೈ ಅವರ ಅಂಗೈಗೂ ಒದಗಿತು. ಓಡಿ ಬಂದು, ನನ್ನ ಮೇಲೆ ಕೈಯಿಟ್ಟು, ಗಿರ್ರನೆ ತಿರುಗಿ ಹಿಂದಿನವಳನ್ನು ಏಮಾರಿಸುವ ಆ ಕ್ಷಣಕ್ಕಾಗಿ ನಾನು ಇಡೀ ದಿನ ಕಾಯುತ್ತಿದ್ದೆ. ನೀಲಕಂಠಪ್ಪ ತೀರಿಕೊಂಡ ಮೇಲೆ ಮಗ್ಗವನ್ನೂ ನಮ್ಮನ್ನೂ ಅವನ ಹೆಂಡತಿ ಶಾಕವ್ವ ವಹಿಸಿಕೊಂಡಳು. ಬೆಳಗಿನ ಹಾಸು ತಪ್ಪಲಿಲ್ಲ, ಸಂಜೆಯ ಆಟವೂ ತಪ್ಪಲಿಲ್ಲ.

ತಪ್ಪಿದ್ದು ದಾರಿ.

ಮಾರುಕಟ್ಟೆಗೆ ಹಿಂಬದಿಯಲ್ಲಿ ಕೈಗಾಡಿಗಳಿಗೆಂದು ಒಂದು ಗೇಟಿತ್ತು. ಒಂದು ವರ್ಷ ಈರುಳ್ಳಿಯ ಸುಗ್ಗಿಯಲ್ಲಿ ಮುಂದಿನ ಗೇಟಿನೆದುರು ಲಾರಿಗಳ ಸಾಲು ಬೆಳೆದಾಗ, ಯಾರೋ ಒಬ್ಬ ಚಾಲಕ ನಮ್ಮ ಬಯಲನ್ನು ಕಂಡುಹಿಡಿದ. ಮರುದಿನ ಐದು ಲಾರಿ ಬಂದವು. ತಿಂಗಳೊಳಗೆ ಎಣಿಕೆ ತಪ್ಪಿತು. ಹಾಸಿನ ಮೇಲೆ ಧೂಳು ಕೂತಿತು. ಹುಡುಗಿಯರು ಆಡುತ್ತ ಆಡುತ್ತ ಒಂದು ಕಣ್ಣನ್ನು ಲಾರಿಗಳ ಕಡೆ ಇಟ್ಟುಕೊಳ್ಳುವುದನ್ನು ಕಲಿತರು.

ಒಂದು ಸಂಜೆ ಆ ಕಣ್ಣು ತಪ್ಪಿತು. ದಾನೇಶ್ವರಿ ಎಂಬ ಹನ್ನೆರಡರ ಹುಡುಗಿ ಬಾಣದಂತೆ ನನ್ನ ಕಡೆ ಬಂದಳು. ಅವಳ ಹಿಂದೆ ಒಬ್ಬಳು ಕೈಚಾಚಿ ಓಡುತ್ತಿದ್ದಳು. ಗೋಡೆಯ ತಿರುವಿನಲ್ಲಿ ಒಂದು ಲಾರಿ ಗುಂಡಿ ತಪ್ಪಿಸಲು ಪಕ್ಕಕ್ಕೆ ಹೊರಳಿದ್ದನ್ನು ನಾನು ನೋಡಿದೆ. ಅವಳು ನೋಡಲಿಲ್ಲ. ಅವಳ ಅಂಗೈ ನನ್ನ ಮೇಲೆ ಬಿತ್ತು, ಅವಳು ತಿರುಗಿದಳು, ಅಂಗೈ ಎದ್ದಿತು. ಅದೇ ಜಾಗಕ್ಕೆ ಲಾರಿಯ ಕಬ್ಬಿಣದ ಮೂತಿ ಬಡಿಯಿತು.

ನಾನು ವಾಲಿದೆ, ಎದೆಯ ಮಟ್ಟದಲ್ಲಿ ಸೀಳು ಬಿಟ್ಟೆ, ಆದರೆ ಬೀಳಲಿಲ್ಲ. ಲಾರಿ ನಿಂತಿತು. ದಾನೇಶ್ವರಿ ನನ್ನಿಂದ ಎರಡು ಹೆಜ್ಜೆ ಆಚೆ ಮಣ್ಣಿನಲ್ಲಿ ಕೂತಿದ್ದಳು. ಮೊಣಕಾಲು ತರಚಿತ್ತು, ಅಷ್ಟೇ. ಚಾಲಕ ಇಳಿದು ಓಡಿ ಬಂದ. ಶಾಕವ್ವ ಮೊದಲು ಹುಡುಗಿಗೆ ನೀರು ಕೊಟ್ಟಳು, ಆಮೇಲೆ ಅವನಿಗೂ ಕೊಟ್ಟಳು. ಇದು ರಸ್ತೆ ಎಂದುಕೊಂಡಿದ್ದೆ ಎಂದು ಅವನು ಹೇಳಿದ. ಆ ಮಾತು ಶಾಕವ್ವನ ಮನಸ್ಸಿನಲ್ಲಿ ನಾಟಿತು.

ಏಕೆಂದರೆ ಅದು ನಿಜವಾಗುವುದರಲ್ಲಿತ್ತು. ಹಾಸಿನ ಬಯಲಿಗೆ ಡಾಂಬರು ಹಾಕಿ ಲಾರಿಗಳ ರಸ್ತೆ ಮಾಡುವ ವಿಷಯ ನಗರಸಭೆಯ ಮುಂದಿನ ಸಾಮಾನ್ಯ ಸಭೆಗೆ ಬರಲಿತ್ತು. ಅಲ್ಲಿ ಕೈ ಎತ್ತಿಬಿಟ್ಟರೆ ಬೆಳಗಿನ ಹಾಸೂ ಇಲ್ಲ, ಸಂಜೆಯ ಆಟವೂ ಇಲ್ಲ.

ಓಣಿಯವರು ಮನವಿ ಬರೆದರು. ಶಾಕವ್ವ ನನ್ನನ್ನು ನೆಲದಿಂದ ಕೀಳಿಸಿದಳು. ಅಹವಾಲು ಕೇಳುವ ದಿನ ನಾಲ್ಕು ಜನ ನನ್ನನ್ನು ಹೊತ್ತು ನಗರಸಭೆಯ ಮೆಟ್ಟಿಲು ಹತ್ತಿದರು. ಬಾಗಿಲಲ್ಲಿ ಕಾವಲುಗಾರ ಲಾಲಸಾಬ ನನ್ನನ್ನು ದೊಣ್ಣೆಯೆಂದು ತಿಳಿದು ಅಡ್ಡ ನಿಂತ.

"ಬಡಿಗಿ ತಗೊಂಡು ಒಳಗ ಹೋಗಂಗಿಲ್ಲ, ಯವ್ವಾ."

"ಬಡಿಗಿ ಅಲ್ಲಪಾ, ಇದು ಸಾಕ್ಷಿ."

"ಸಾಕ್ಷಿ ಅಂದ್ರ ಮಾತಾಡ್ತೈತೇನು?"

"ನೀ ಒಳಗ ಬಿಟ್ರ ಮಾತಾಡ್ತೈತಿ."

ಲಾಲಸಾಬ ನನ್ನ ಸೀಳಿನ ಮೇಲೆ ಬೆರಳಾಡಿಸಿ, ಹಿಂದೆ ಸರಿದ.

ಹೀಗೆ ನಾನು ಆ ಮೇಜನ್ನು ಏರಿದೆ. ಎದುರಿಗೆ ಅಧ್ಯಕ್ಷ ಗುರುಬಸಪ್ಪ. ಪಕ್ಕದಲ್ಲಿ ಪೌರಾಯುಕ್ತೆ ವಾರಿಜಾ, ಮೈಸೂರಿನ ಕಡೆಯಿಂದ ಆರು ತಿಂಗಳ ಹಿಂದೆ ವರ್ಗವಾಗಿ ಬಂದವರು. ಗಾಯವನ್ನು ಎಲ್ಲರೂ ನೋಡಿದರು. ನಂತರ ಮನವಿಯನ್ನು ಓದಲಾಯಿತು. ಆಟಕ್ಕೂ ಹಾಸಿಗೂ ಮೂರು ಸೀರೆ ಉದ್ದ, ಮೂವತ್ತೈದು ಮೊಳ ಅಗಲದ ಜಾಗವನ್ನು ಉಳಿಸಿಕೊಡಬೇಕು ಎಂಬಲ್ಲಿಗೆ ಬಂದಾಗ ಸಭೆಯಲ್ಲಿ ನಗೆ ಎದ್ದಿತು. ನೆಲವನ್ನು ಸೀರೆಯಲ್ಲಿ ಅಳೆದ ಅರ್ಜಿ ಆ ಕಚೇರಿಗೆ ಅದುವರೆಗೆ ಬಂದಿರಲಿಲ್ಲ. ಓಣಿಯವರಿಗೆ ನಗೆ ಯಾಕೆಂದು ತಿಳಿಯಲಿಲ್ಲ. ಅವರಿಗೆ ಅದಕ್ಕಿಂತ ಖಚಿತವಾದ ಅಳತೆ ಗೊತ್ತಿರಲಿಲ್ಲ.

ಅಧ್ಯಕ್ಷರು ಕೆಟ್ಟವರಲ್ಲ. ರಸ್ತೆ ಬಂದರೆ ಓಣಿಗೆ ಒಳಿತಾಗುತ್ತದೆಂದು ಮನಸಾರೆ ನಂಬಿದ್ದರು.

"ದಿನಕ್ಕ ನಾಕೈದು ಗಾಡಿ ಬಂದ್ರ ಏನಾಗ್ತೈತಿ, ಶಾಕವ್ವಾ? ಆಡಾಕ ಸರಕಾರಿ ಸಾಲಿ ಮೈದಾನ ಐತಲ್ಲ."

"ಐತ್ರಿ. ಹೆದ್ದಾರಿ ದಾಟಿ ಹೋಗಬೇಕು. ಲಾರಿ ತಪ್ಪಿಸ್ಕೊಳ್ಳಾಕ ಲಾರಿ ನಡುವ ಹಾದು ಹೋಗ್ರಿ ಅಂತೀರೇನು?"

ಈ ಸಲ ನಗೆ ಬೇರೆ ಕಡೆಯಿಂದ ಬಂತು. ವಾರಿಜಾ ಮಾತ್ರ ನಗಲಿಲ್ಲ. ಎಷ್ಟು ವಾಹನ ಓಡಾಡುತ್ತವೆ ಎಂಬುದಕ್ಕೆ ಆಧಾರವಿದೆಯೇ ಎಂದು ಕೇಳಿದರು. ಬಾಯಿಮಾತನ್ನು ನಡವಳಿಯಲ್ಲಿ ಬರೆಯಲಾಗದು. ಸಾಮಾನ್ಯ ಸಭೆಯ ಹಿಂದಿನ ದಿನ ತಾವೂ ಅಧ್ಯಕ್ಷರೂ ಬಯಲಿಗೆ ಬಂದು ನೋಡುವುದಾಗಿ ಹೇಳಿದರು. ನಡುವೆ ಉಳಿದದ್ದು ಎಂಟು ದಿನ.

ನನ್ನನ್ನು ಮತ್ತೆ ಅದೇ ಗುಂಡಿಯಲ್ಲಿ ನೆಟ್ಟರು. ಮರುದಿನ ಬೆಳಗಿನ ಐದಕ್ಕೆ ಶಾಕವ್ವ ನೂಲು ಸುತ್ತುವ ರಾಟಿಯನ್ನು ನನ್ನ ಪಕ್ಕಕ್ಕೆ ತಂದಿಟ್ಟು ಕೂತಳು. ಮೊದಲ ಲಾರಿ ಮಾರುಕಟ್ಟೆಯ ಕಡೆ ಹೋಯಿತು. ಅವಳು ಒಂದು ಕಪ್ಪು ಎಳೆಯನ್ನು ನನ್ನ ಎದೆಯ ಸುತ್ತ ಒಮ್ಮೆ ಸುತ್ತಿದಳು. ಎರಡನೆಯದು ಹೋಯಿತು, ಇನ್ನೊಂದು ಸುತ್ತು. ಹತ್ತಕ್ಕೆ ಒಂದು ಕೆಂಪು ಗಂಟು. ದಿನದ ಕೊನೆಗೆ, ಹಿಂಬದಿ ಗೇಟು ಮುಚ್ಚಿದಾಗ, ಒಂದು ಹಳದಿ ಎಳೆ. ಸಾವಿರಾರು ಎಳೆಗಳ ಹಾಸನ್ನು ತಪ್ಪದೆ ಎಣಿಸಲು ನೇಕಾರರು ಬಣ್ಣದ ಗುರುತು ಕಟ್ಟುವ ಕ್ರಮವೇ ಅದು. ಬರೆಯಲು ಬಾರದ ಕೈ ತನಗೆ ಬರುವ ಲಿಪಿಯಲ್ಲಿ ಬರೆಯುತ್ತಿತ್ತು. ಎಳೆಗಳು ನನ್ನ ಸೀಳನ್ನೂ ಬಿಗಿದವು. ನಾನು ನೆಟ್ಟಗೆ ನಿಂತೆ.

ಐದನೆಯ ದಿನ, ಸೋಮವಾರ, ಒಂದು ಅನಾಹುತವಾಯಿತು. ಶಾಕವ್ವ ಎದ್ದು ಎಲ್ಲಿಗೋ ಹೋದಳು. ಅವಳು ತಿರುವಿನಲ್ಲಿ ಮರೆಯಾದದ್ದೇ ತಡ, ಒಂದು ಲಾರಿ ಹೋಯಿತು. ಇನ್ನೊಂದು. ಮತ್ತೊಂದು. ಮೂರು ಲಾರಿಗಳು ಎಳೆಯಿಲ್ಲದೆ ಹಾದುಹೋದವು. ಅವಳು ಮರಳಿ ಬಂದು ಏನೂ ತಿಳಿಯದೆ ಎಣಿಕೆ ಮುಂದುವರಿಸಿದಳು. ನನಗೆ ತಿಳಿದಿತ್ತು. ಆದರೆ ಕಂಬಕ್ಕೆ ಬಾಯೆಲ್ಲಿ?

ಎಂಟನೆಯ ದಿನ ಅಧಿಕಾರಿಗಳು ಬರುವವರಿದ್ದರು. ಶಾಕವ್ವ ನಸುಕಿನಲ್ಲೇ ಮೂರು ಸೀರೆಯ ಹಾಸನ್ನು ಎಳೆದು ಕಟ್ಟಿದ್ದಳು. ಹುಡುಗಿಯರು ಆಟದ ಬಟ್ಟೆ ತೊಟ್ಟು ಸಾಲಾಗಿ ನಿಂತಿದ್ದರು. ಎಂಟು ಗಂಟೆಯಾಯಿತು. ಒಂಬತ್ತಾಯಿತು. ಒಂದೇ ಒಂದು ಲಾರಿ ಬರಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಸಾಹೇಬರು ಬರುತ್ತಾರೆಂದು ಸಂಚಾರಿ ಪೊಲೀಸರು ಗೌರವಕ್ಕಾಗಿ ಹೆದ್ದಾರಿಯಲ್ಲೇ ಲಾರಿಗಳನ್ನು ತಡೆದಿದ್ದರು. ಕಾರು ಹಾಸಿನ ಆಚೆ ಬಂದು ನಿಂತಾಗ ನಮ್ಮ ಬಯಲು ಮಠದ ಅಂಗಳದಷ್ಟು ಶಾಂತವಾಗಿತ್ತು. ವಾರಿಜಾ, ಅಧ್ಯಕ್ಷರು ಇಬ್ಬರೂ ನನ್ನನ್ನು ಸುತ್ತಿ ಈಚೆ ಬಂದರು.

"ಎಲ್ಲಿ ಅದಾವು ನಿನ್ನ ಲಾರಿ?" ಎಂದರು ಅಧ್ಯಕ್ಷರು.

ಶಾಕವ್ವ ನನ್ನನ್ನು ತೋರಿಸಿದಳು. "ಇಲ್ಲೇ ಅದಾವ್ರಿ. ಎಳಿಗೊಂದು ಲಾರಿ."

ವಾರಿಜಾ ಬಗ್ಗಿದರು. ಕೆಂಪು ಗಂಟಿನಿಂದ ಕೆಂಪು ಗಂಟಿಗೆ ಬೆರಳು ಸರಿಸುತ್ತ ಏಳು ದಿನಗಳನ್ನು ಎಣಿಸಿದರು. ನಾನೂರ ನಲವತ್ತೊಂಬತ್ತು. ಅಧ್ಯಕ್ಷರು ತಲೆಯಾಡಿಸಿದರು. ನೂಲನ್ನು ಯಾರು ಎಷ್ಟು ಬೇಕಾದರೂ ಸುತ್ತಬಹುದು ಎಂದರು. ಮಾತು ಸುಳ್ಳಲ್ಲ. ಹುಡುಗಿಯರ ಸಾಲು ಸಡಿಲವಾಯಿತು.

ವಾರಿಜಾ ಮಾರುಕಟ್ಟೆಯ ಹಿಂಬದಿ ಗೇಟಿನ ಕಾವಲುಗಾರ ಒಳಗೆ ಬರುವ ಲಾರಿಗಳ ಲೆಕ್ಕ ಬರೆದಿಡುತ್ತಾನೆಯೇ ಎಂದು ವಿಚಾರಿಸಿದರು. ಬರೆದಿಡುತ್ತಿದ್ದ. ಪುಸ್ತಕ ತರಿಸಿದರು. ಅದು ಬರುವ ಹತ್ತು ನಿಮಿಷ ನನ್ನ ಆಯುಷ್ಯದಲ್ಲೇ ದೀರ್ಘವಾದವು. ಸೋಮವಾರ ನನಗೆ ನೆನಪಿತ್ತು.

ಮೊದಲ ದಿನ, ಐವತ್ತೆಂಟು ಎಳೆ, ಪುಸ್ತಕದಲ್ಲೂ ಐವತ್ತೆಂಟು. ಎರಡನೆಯ ದಿನ ತಾಳೆಯಾಯಿತು. ಮೂರನೆಯದು, ನಾಲ್ಕನೆಯದು. ಐದನೆಯ ದಿನ ಎಳೆ ಎಂಬತ್ತೆರಡು, ಪುಸ್ತಕದಲ್ಲಿ ಎಂಬತ್ತೈದು.

"ನೋಡ್ರಿ, ತಪ್ಪೈತಿ," ಎಂದರು ಅಧ್ಯಕ್ಷರು.

ಶಾಕವ್ವ ಐದನೆಯ ದಿನದ ಎಳೆಗಳ ಮೇಲೆ ಬೆರಳಾಡಿಸಿದಳು. ಯೋಚಿಸಿದಳು. ನಂತರ ತಲೆ ತಗ್ಗಿಸಿ ಹೇಳಿದಳು: "ಸೋಮವಾರ ಗುಡಿಗಿ ಎದ್ದು ಹೋಗಿದ್ನಿರಿ. ನೀವು ಖರೇನ ಬರ್ಲಿ ಅಂತ ಕಾಯಿ ಒಡಿಸಿಕೊಂಡು ಬರೂದ್ರಾಗ ಮೂರು ಲಾರಿ ಹೋಗಿರಬೇಕು. ತಪ್ಪು ನಂದ."

ವಾರಿಜಾ ಪುಸ್ತಕ ಮುಚ್ಚಿದರು. "ಸುಳ್ಳು ಲೆಕ್ಕ ಹೆಚ್ಚಾಗಿರುತ್ತೆ ಸರ್, ಕಡಿಮೆ ಇರಲ್ಲ," ಎಂದರು.

ಉಳಿದೆರಡು ದಿನಗಳೂ ತಾಳೆಯಾದವು. ಆದರೆ ತೀರ್ಮಾನ ಸಭೆಯದು, ಸಭೆ ಅಧ್ಯಕ್ಷರ ಕೈಯಲ್ಲಿತ್ತು. ಮಾತಾಡುತ್ತ ಹಾಸಿನ ಗುಂಟ ಅದರ ನಡುಮಧ್ಯದ ತನಕ ಹೋಗಿದ್ದ ಅವರು, ಬೇರೆ ಕೆಲಸವಿದೆಯೆಂದು ಗಡಿಯಾರ ನೋಡಿ, ನೇರವಾಗಿ ಕಾರಿನ ಕಡೆ ಹೊರಟರು. ನಡುವೆ ಇದ್ದದ್ದು ಮೊಣಕಾಲಿನೆತ್ತರಕ್ಕೆ ಜೋತ ಹಾಸು ಮಾತ್ರ. ಅವರ ಬಲಗಾಲು ಮೇಲೆದ್ದಿತು.

ಹುಡುಗಿಯರೆಲ್ಲ ಆ ಕಾಲನ್ನೇ ನೋಡಿದರು.

ಕಾಲು ಗಾಳಿಯಲ್ಲಿ ನಿಂತಿತು. ಗುರುಬಸಪ್ಪನವರ ಅಜ್ಜ ಇದೇ ಓಣಿಯಲ್ಲಿ ನೇಯ್ದವನು. ಮೊಮ್ಮಗ ಅದನ್ನು ಮರೆತಿದ್ದರೂ ಕಾಲು ಮರೆತಿರಲಿಲ್ಲ. ಅವರು ಕಾಲನ್ನು ಹಿಂದಕ್ಕೆ ಇಟ್ಟರು. ಹಾಸಿನ ಗುಂಟ ನಿಧಾನವಾಗಿ ನನ್ನ ತನಕ ನಡೆದು ಬಂದು, ತಿರುಗಲು ನನ್ನ ಮೇಲೆ ಕೈಯಿಟ್ಟರು. ಎಳೆಗಳ ಅಂಚಿನಲ್ಲಿ ಬೆರಳಿಗೆ ಸೀಳು ಸಿಕ್ಕಿತು. ನಿಂತರು.

"ಹುಡುಗಿ ತಿರುಗಿದ್ದು ಇಲ್ಲೇ ಏನು?"

"ಹೌದ್ರಿ," ಎಂದಳು ದಾನೇಶ್ವರಿ. "ನಿಮ್ಮ ಕೈ ಇರೂ ಜಾಗಾದಾಗ ನನ್ನ ಕೈ ಇತ್ರಿ."

ಅವರು ಕೈಯನ್ನು ತಕ್ಷಣ ತೆಗೆಯಲಿಲ್ಲ.

ಮರುದಿನ ಮಧ್ಯಾಹ್ನ ಸುದ್ದಿ ತಂದವನು ಲಾಲಸಾಬ. ಸೈಕಲ್ಲು ನಿಲ್ಲಿಸುವ ಮೊದಲೇ ಹೇಳಿದ: "ಯವ್ವಾ, ನಿನ್ನ ಸಾಕ್ಷಿ ಮಾತಾಡ್ತು."

ರಸ್ತೆಯ ಪ್ರಸ್ತಾಪವನ್ನು ಅಧ್ಯಕ್ಷರೇ ಹಿಂದೆ ಪಡೆದಿದ್ದರು. ಹಿಂಬದಿ ಗೇಟಿಗೆ ಕೈಗಾಡಿ ಮಾತ್ರ ನುಸುಳುವಂತೆ ಕಲ್ಲು ನೆಡುವುದು, ಓಣಿಯ ಎರಡು ಬದಿಗೂ ರಸ್ತೆಯುಬ್ಬು ಹಾಕುವುದು, ಲಾರಿಗಳಿಗೆ ಮಾರುಕಟ್ಟೆಯ ಆಚೆ ಬದಿಯಲ್ಲಿ ದಾರಿ ಮಾಡುವುದು ಎಂದು ಠರಾವಾಯಿತು. ಹಾಸಿನ ಬಯಲನ್ನು ಹಾಸಿಗೂ ಆಟಕ್ಕೂ ಕಾಯ್ದಿರಿಸಲಾಯಿತು. ನಡವಳಿ ಪುಸ್ತಕದಲ್ಲಿ ಮೀಟರಿನ ಮುಂದೆಯೇ ವಾರಿಜಾ ಇನ್ನೊಂದು ಅಳತೆಯನ್ನೂ ಬರೆಸಿದರಂತೆ: ಉದ್ದ, ಮೂರು ಸೀರೆ. ಈ ಸಲ ಯಾರೂ ನಗಲಿಲ್ಲವಂತೆ.

ಅದಾಗಿ ಹನ್ನೊಂದು ವರ್ಷ. ನೆಲದೊಳಗಿನ ನನ್ನ ಪಾದವನ್ನು ಗೆದ್ದಲು ತಿಂದಿತು. ನನ್ನ ಜಾಗದಲ್ಲಿ ಈಗ ಹೊಸ ಕಂಬ ನಿಂತಿದೆ. ಒಡಹುಟ್ಟು ಇನ್ನೂ ಗಟ್ಟಿಯಾಗಿದ್ದಾನೆ, ಆ ವಿಷಯದಲ್ಲಿ ನನಗೆ ತುಸು ಹೊಟ್ಟೆಕಿಚ್ಚು. ನಾನು ಶಾಕವ್ವನ ಮಗ್ಗದ ಕೋಣೆಯ ಮೂಲೆಗೆ ಒರಗಿ ನಿಂತಿದ್ದೇನೆ. ದಾನೇಶ್ವರಿ ಈಗ ಓಣಿಯ ಮಕ್ಕಳಿಗೆ ಖೋಖೋ ಕಲಿಸುತ್ತಾಳೆ. ಹೊಸದಾಗಿ ಬಂದ ಪ್ರತಿ ಹುಡುಗಿಯನ್ನೂ ಮೊದಲು ಒಳಗೆ ಕರೆತಂದು ನನ್ನ ಸೀಳಿನ ಮೇಲೆ ಕೈಯಿಡಿಸುತ್ತಾಳೆ, ಆಮೇಲೆ ಅಂಗಣಕ್ಕೆ ಬಿಡುತ್ತಾಳೆ.

ಏಳು ದಿನದ ಎಳೆಗಳು ಇನ್ನೂ ನನ್ನ ಮೈಮೇಲಿವೆ. ಕೊನೆಯ ಎಳೆಗೆ ಶಾಕವ್ವ ಗಂಟು ಹಾಕಲಿಲ್ಲ. ಮತ್ತೆ ಎಣಿಸಬೇಕಾಗಿ ಬಂದೀತೆಂದು ತುದಿಯನ್ನು ಬಿಡಿಯಾಗಿ ಬಿಟ್ಟಿದ್ದಾಳೆ. ಸಂಜೆ ಬಯಲಿನಿಂದ ಖೋ ಎಂಬ ಕೂಗು ಬರುತ್ತದೆ. ಕಿಟಕಿಯ ಗಾಳಿಗೆ ಆ ಬಿಡಿ ತುದಿ ಅಲುಗುತ್ತದೆ. ಅದಕ್ಕೆ ಇನ್ನೊಂದು ಸುತ್ತು ಸೇರಿಸುವ ಕೆಲಸ ಇಂದಿನವರೆಗೆ ಬಂದಿಲ್ಲ.