ಮದುಮಗನ ಅತ್ತರು

ಮಗಳು ರಹೀಮಾಳ ನಿಖಾದ ಕೆಲಸವೆಲ್ಲ ಮುಗಿದು, ಶಹಾಬಾದಿನ ಅಮೀರ್‌ಬೀಗೆ ಉಳಿದದ್ದು ಅತ್ತರು ಒಂದೇ. ನಿಖಾದ ಹಿಂದಿನ ದಿನ ಹುಡುಗಿಯ ಮನೆಯಿಂದ ಮದುಮಗನಿಗೆ ಬಟ್ಟೆಬರೆಯ ಜೊತೆ ಒಂದು ಸೀಸೆ ಅತ್ತರು ಹೋಗಲೇಬೇಕು. ವಾಡಿಯಲ್ಲಿ ನಿಜಾಮರ ರೈಲಿನ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಮದುಮಗ ಬಂದೇಅಲಿಯ ಮುಖವನ್ನು ರಹೀಮಾ ಇನ್ನೂ ನೋಡಿಲ್ಲ. ಮುಸುಕಿನೊಳಗೆ ತಲೆ ಬಗ್ಗಿಸಿ ಕೂತವಳಿಗೆ ಗಂಡ ಬಂದನೆಂದು ಮೊದಲು ಹೇಳುವುದು ಅವನ ಅತ್ತರೇ. ಅಂದಮೇಲೆ ಅದನ್ನು ಆರಿಸುವುದು ಹುಡುಗಾಟವೇ?

ಅತ್ತರಿನ ಅಂಗಡಿಯ ಹಾಜಿಸಾಬರು ಮೂಸಿ ನೋಡಲೆಂದು ಅತ್ತರು ಅದ್ದಿದ ಎರಡು ಹತ್ತಿಯ ಉಂಡೆ ಕೊಟ್ಟು, ಗಂಡಸರಿಗೆ ಇವೆರಡು ಬಿಟ್ಟರೆ ಮೂರನೆಯದಿಲ್ಲ ಎಂದು ಷರಾ ಬರೆದರು. ಒಂದು ಗಂಧದ್ದು, ಇನ್ನೊಂದು ಖಸ್, ಅಂದರೆ ಲಾವಂಚದ ಬೇರಿನದು. ಅಮೀರ್‌ಬೀ ಸೆರಗಿನಲ್ಲಿ ಬೇರೆಬೇರೆ ಗಂಟು ಹಾಕಿಕೊಂಡು ಬಂದಳು. ಮನಸ್ಸು ಗಂಧದ ಕಡೆಗೇ ವಾಲಿತ್ತು. ತೀರಿಕೊಂಡ ಗಂಡ ಲಾಲ್ ಅಹ್ಮದ್ ಹಚ್ಚುತ್ತಿದ್ದದ್ದು ಅದನ್ನೇ. ಬೇರೆ ವಾಸನೆಯ ಗಂಡಸನ್ನು ಪಾಪ, ಅವಳಾದರೂ ಎಲ್ಲಿ ಕಂಡಿದ್ದಳು?

ಅಪ್ಪನ ನೆನಪಾಗಿ ಮಗಳು ಖುಷಿಪಟ್ಟಾಳೆಂದು, ರೊಟ್ಟಿ ಬಡಿಯುತ್ತಿದ್ದ ರಹೀಮಾಳ ಹಿಂದೆ ಸದ್ದಿಲ್ಲದೆ ಹೋಗಿ ಗಂಧದ ಹತ್ತಿಯನ್ನು ಅವಳ ಮೂಗಿನ ಹತ್ತಿರ ಹಿಡಿದಳು. ಬಡಿಯುವ ಕೈ ಗಕ್ಕನೆ ನಿಂತಿತು. ರಹೀಮಾ ತಿರುಗಿಯೂ ನೋಡಲಿಲ್ಲ. ಹಿಟ್ಟಿನ ಕೈಯಲ್ಲೇ ಕಿವಿ ಮುಚ್ಚಿಕೊಂಡು ಗೋಡೆಗೆ ಸರಿದು ಮುದುಡಿ ಕೂತಳು.

ಅಮೀರ್‌ಬೀ ಹತ್ತಿಯನ್ನು ಹಿಂದಕ್ಕೆ ಸೆಳೆದುಕೊಂಡಳು. ಲಾಲ್ ಅಹ್ಮದನ ಕೈ ಮಗಳ ಮೇಲೆ ಎಂದೂ ಎದ್ದಿರಲಿಲ್ಲ. ಎದ್ದದ್ದೆಲ್ಲ ಇವಳ ಮೇಲೆ, ಅದೂ ಮಗಳನ್ನು ಒಳಕೋಣೆಗೆ ದಬ್ಬಿ ಚಿಲಕ ಹಾಕಿದ ಮೇಲೆ. ಮರುದಿನ ಊದಿದ ಕೆನ್ನೆಗೆ ಹಲ್ಲುನೋವು ಎಂದು ಹೆಸರಿಟ್ಟು, ಎಲ್ಲವನ್ನೂ ಮುಚ್ಚಿಟ್ಟೆನೆಂದೇ ನಂಬಿದ್ದಳು ಹುಚ್ಚಿ. ಬಾಗಿಲ ಸಂದಿಯಿಂದ ವಾಸನೆ ಒಳಗೆ ಹೋಗುವುದಿಲ್ಲವೇ?

"ನಿನಗ ಅವರು ಒಂದಿನನೂ ಹೊಡದಿಲ್ಲಲ್ಲ, ಬೇಟಿ," ಎಂದಳು ಮೆಲ್ಲಗೆ.

"ನಿನಗ ಹೊಡೀತಿದ್ರಲ್ಲಮ್ಮಾ. ಈ ವಾಸನಿ ಬಂತಂದ್ರ ನಾ ಒಳಗ ಕಿವಿ ಮುಚಗೊಂಡು ಕುಂದರ್ತಿದ್ದೆ. ನಿಖಾ ಆಗೋರಿಗಿ ಇದು ಬ್ಯಾಡ."

ತಾಯಿ ಗಂಧದ ಹತ್ತಿಯನ್ನು ದೂರದ ತಿಪ್ಪೆಗೆ ಎಸೆದು, ಕೈಗೆ ಬೂದಿ ಹಚ್ಚಿ ಗಸಗಸ ತಿಕ್ಕಿ ತೊಳೆದು ಬಂದಳು. ಈ ಸಲ ಮಗಳ ಎದುರಿಗೇ ಕೂತು, ಇನ್ನೊಂದು ಗಂಟು ಬಿಚ್ಚಿ ಅಂಗೈ ಮುಂದೆ ಚಾಚಿದಳು. ರಹೀಮಾ ತಾನಾಗಿಯೇ ಹತ್ತಿ ಎತ್ತಿಕೊಂಡು ಮೂಸಿದಳು. ಬೇಸಿಗೆಯಲ್ಲಿ ಅಂಗಳಕ್ಕೆ ನೀರು ಹೊಡೆದ ಹಾಗಿದೆ ಎಂದಳು. ಮದುಮಗನಿಗೆ ಖಸ್ಸೇ ಹೋಯಿತು.

ನಿಖಾ ಮುಗಿದ ಮೇಲೆ ಬಂದೇಅಲಿ ಅತ್ತೆಗೆ ಸಲಾಮು ಮಾಡಲು ಒಳಗೆ ಬಂದ. ಇಂಜಿನ್ನಿನ ಹುಡುಗ, ಆಳು ಗಟ್ಟಿ, ಕೈಗಳಂತೂ ಭಾರಿ ದೊಡ್ಡವು. ಆ ಕೈ ಸಲಾಮಿಗೆಂದು ಮೇಲೆದ್ದಾಗ ಖಸ್ಸಿನ ತಂಪು ವಾಸನೆ ಬಂತು. ಹತ್ತಿರ ನಿಂತ ಗಂಡಸಿನ ಕೈ ಮೇಲೆದ್ದರೂ ಅಮೀರ್‌ಬೀ ಮುಖ ತಪ್ಪಿಸದೆ ನಿಂತದ್ದು ಅದೇ ಮೊದಲು.